ಉಪ್ಪಿಲ್ಲದ ಅಂಟು

ಹೆಲ್ದುರ್ ಕೊಡಲಿಯ ಬೆನ್ನಿಂದ ದಿಮ್ಮಿಗಳನ್ನು ಬಡಿಯುತ್ತ ಹೋಗುತ್ತಾನೆ
ಕಲ್ಲಂಗಡಿ ಕೊಳ್ಳುವವನ ಹಾಗೆ ಕಿವಿಯೊಡ್ಡಿ.
ಟಣ್, ಟಣ್, ಟಣ್. ಆಮೇಲೆ ಒಂದು ಕಡೆ
ಒದ್ದೆ ಹಿಟ್ಟಿನ ಚೀಲಕ್ಕೆ ಗುದ್ದಿದ ಸದ್ದು.
"ಇಲ್ಲಿ" ಅಂದ. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.

ವೋರು ಸೀಮೆಯ ಈ ಮರದ ಮನೆಗೆ ತೊಂಬತ್ತು ಚಳಿಗಾಲ.
ಎಂಬತ್ತನಾಲ್ಕನ್ನು ಪಾಚಿಯೇ ತಡೆದಿತ್ತು,
ದಿಮ್ಮಿಗೂ ದಿಮ್ಮಿಗೂ ನಡುವೆ, ಜೌಗಿನಿಂದ ಹೊತ್ತು ತಂದು ತುರುಕಿದ್ದು.
ಆಮೇಲೆ ಲೆಯ್ಡಾಳ ಅಳಿಯ ತಾರ್ತುವಿನಿಂದ
ಡಬ್ಬಿಗಟ್ಟಲೆ ಫೋಮ್ ತಂದ. ಪ್ರೀತಿಯಿಂದಲೇ ತಂದ.
ಸಂದುಸಂದಿಗೂ ಊದಿದ, ಅದು ಹಳದಿಯಾಗಿ ಉಬ್ಬಿತು.
ಒಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅಂಚಿಗೆ ಟೇಪು ಹಚ್ಚಿ,
"ಇನ್ನು ಒಂದೆಳೆ ಗಾಳಿ ಬರಲ್ಲ ಅತ್ತೆ" ಅಂದ.

ಬರಲಿಲ್ಲ.
ಹೋಗಲೂ ಇಲ್ಲ.
ಆಲೂಗಡ್ಡೆ ಬೆಂದ ಹಬೆ, ಒಣಹಾಕಿದ ಉಣ್ಣೆಯ ಹಬೆ,
ನಿದ್ದೆಯಲ್ಲಿ ಬಿಟ್ಟ ಉಸಿರು,
ಮೊಳೆ ಹೊಡೆದ ತೂತುಗಳಲ್ಲಿ ನುಸುಳಿ
ಹಾಳೆಯ ಹಿಂದೆ ನೀರಾಗಿ ಕೂತಿತ್ತು ಆರು ವರ್ಷ.
ಹರಿದಾಗ ಮೊಣಕೈವರೆಗೆ ತೋಯ್ದೆ.
ಬುಡದ ದಿಮ್ಮಿಯನ್ನು ಹೆಲ್ದುರ್ ಚಮಚದಲ್ಲಿ ತೋಡಿದ.
ಚಮಚದಲ್ಲಿ!

"ಗೋಡೆ ಉಸಿರಾಡುತ್ತೆ ಅಂತಾರಲ್ಲ?"
ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ.
"ಅದಕ್ಕೇನು ಶ್ವಾಸಕೋಶ ಇದೆಯಾ, ಟ್ರೀನು?
ಕುಡಿಯುತ್ತೆ. ಕುಡಿದದ್ದನ್ನ ವಾಪಸ್ ಕೊಡೋಕೆ ಬಿಡಬೇಕು. ಅಷ್ಟೆ."

ಸೆಪ್ಟೆಂಬರ್ ಪೂರ್ತಿ ಜೌಗಿನಲ್ಲಿ ಕಳೆದೆವು.
ಪಾಚಿ ತೀರ ಒಣಗಿದರೆ ಪುಡಿ,
ತೀರ ಹಸಿಯಿದ್ದರೆ ನಾಳೆ ಕುಗ್ಗಿ ಸಂದು ಬಿಡುತ್ತದೆ.
ಹಿಂಡಿದರೆ ಹನಿ ಬೀಳಬಾರದು, ಕೊಡವಿದ ಮೇಲೂ
ಅಂಗೈ ತಣ್ಣಗಿರಬೇಕು. ಇದು ಅವನ ತೂಕ, ಅವನ ಅಳತೆ.
ನಡುವೆ ಕ್ರ್ಯಾನ್‌ಬೆರಿ ಸಿಕ್ಕರೆ ನನ್ನ ಬಾಯಿಗೆ.

ಒಲೆಯ ಹಿಂದಿನ ಗೋಡೆಯೊಂದು ಒಣಗಿ ಉಳಿದಿತ್ತು.
ಅಲ್ಲಿ ಕಾಗದದ ಮೇಲೆ ಕಾಗದ. ಕಂದು ಗೆರೆ, ನೀಲಿ ಹೂವು,
ಅದರಡಿ ಟ್ರ್ಯಾಕ್ಟರುಗಳನ್ನು ಹೊಗಳುವ ಹಳೆಯ ಪತ್ರಿಕೆ,
ಅದರಡಿ ಬೂದು ಅಂಟು, ಹಪ್ಪಳದ ಚೂರಿನಂತೆ ಎದ್ದು ನಿಂತದ್ದು.
ಲೆಯ್ಡಾ ಉಗುರಿನಿಂದ ಒಂದಿಷ್ಟು ಕೆರೆದು
ನಾಲಿಗೆಯ ಮೇಲಿಟ್ಟುಕೊಂಡಳು.
ನಾವಿಬ್ಬರೂ ಕೈ ನಿಲ್ಲಿಸಿದೆವು.
"ಉಪ್ಪಿಲ್ಲ" ಅಂದಳು.

ರೈ ಹಿಟ್ಟಿನ ಅಂಟು. ಅಮ್ಮ ಕುದಿಸುತ್ತಿದ್ದರೆ
ನಾವು ನಾಲ್ವರು ಪಾತ್ರೆಯ ಸುತ್ತ.
ಜನರನ್ನು ರೈಲು ಒಯ್ದ ವರ್ಷದ ಮಾರನೇ ವಸಂತ.
ಮನೆಯಲ್ಲಿದ್ದ ಕೊನೆಯ ಹಿಟ್ಟು ಗೋಡೆಗೆ ಹೋಯಿತು,
ತೊಟ್ಟಿಲಿನ ತಮ್ಮನಿಗೆ ಗಾಳಿ ತಾಗುತ್ತಿತ್ತು.
ಉಪ್ಪು ಹಾಕಿದ್ದರೆ ತಿಂದುಬಿಡುತ್ತಿದ್ದೆವು. ಅದಕ್ಕೇ ಹಾಕಲಿಲ್ಲ.
ಆದರೂ ರಾತ್ರಿ ಕಾಗದದ ಅಂಚು ನೆಕ್ಕಿದ್ದೇವೆ,
ಅಮ್ಮ ನಿದ್ದೆ ಬಂದವಳಂತೆ ಮಲಗಿದ್ದಳು.

ಅಕ್ಟೋಬರಿನಲ್ಲಿ ಹೊಸ ಬುಡದ ದಿಮ್ಮಿ ಕೂತಿತು.
ಕಾಗದ ಅಂಟಿಸಲು ಅದೇ ರೈ ಹಿಟ್ಟು ಕಲಸಿ ಕುದಿಸಿದೆ.
ಹೆಲ್ದುರ್ ಏಣಿ ತರಲು ಹೊರಗೆ ಹೋದದ್ದೇ ತಡ
ಲೆಯ್ಡಾ ಒಂದು ಹಿಡಿ ಉಪ್ಪು ಸುರಿದಳು.
ಉಪ್ಪು ತೇವ ಎಳೆಯುತ್ತದೆ. ಮೊದಲ ದಿನವೇ
ನನಗೆ ಬಾಯಿಪಾಠ ಮಾಡಿಸಿದ್ದರು.
ಸೌಟು ತಿರುಗಿಸಿದೆ, ತಳ ಹತ್ತದಂತೆ.
ಒಲೆಯ ಮೂಲೆಗೆ ಆ ಅಂಟು ಸಾಕಾಯಿತು.

ಮಾರ್ಚಿನಲ್ಲಿ, ಹಿಮ ಕರಗುವ ವಾರ, ನೋಡಲು ಹೋದೆವು.
ಪಾಚಿ ಕಚ್ಚಿ ಕೂತಿದೆ. ಗೋಡೆಗಳೆಲ್ಲ ಒಣ.
ಒಲೆಯ ಮೂಲೆಯಲ್ಲಿ ಮಾತ್ರ ಅಂಗೈಯಗಲ ಕಪ್ಪು ಮಚ್ಚೆ.
ಹೆಲ್ದುರ್ ತೇವಮಾಪಕ ಒತ್ತಿ ನೋಡಿದ,
ನನ್ನನ್ನು ನೋಡಿದ,
ಯಂತ್ರವನ್ನು ಜೇಬಿಗಿಳಿಸಿದ.
"ಬಿಸಿಲು ಬಂದರೆ ಹೋಗುತ್ತೆ. ಆಮೇಲೆ ಬರುತ್ತೆ."

ಲೆಯ್ಡಾ ಕಪ್ಪು ಬ್ರೆಡ್ಡು ಕೊಯ್ಯುತ್ತಿದ್ದಳು, ದಪ್ಪದಪ್ಪವಾಗಿ.